ಕಾಣದ ವೈದ್ಯರ ಚೀಟಿ

ಮುಂಬಯಿಯಲ್ಲಿದ್ದುಕೊಂಡು ಊರಿನ ಹಿರಿಯರ ಕಾಯಿಲೆ ನೋಡಿಕೊಳ್ಳುವುದು ನಮ್ಮಂಥವರಿಗೆ ಹೊಸತಲ್ಲ. ಮೊದಲು ಕಾಗದ, ಆಮೇಲೆ ಟ್ರಂಕ್ ಕಾಲ್. ಈಗ ವೈದ್ಯರನ್ನೇ ಮೊಬೈಲಿನೊಳಗೆ ಕೂರಿಸಿ ಊರಿಗೆ ಕಳಿಸುತ್ತೇವೆ. ಅನುಕೂಲವೇನೋ ಹೌದು. ಆದರೆ ನಾಡಿ ಹಿಡಿಯದೆ, ಹೊಟ್ಟೆ ಒತ್ತಿ ನೋಡದೆ ಔಷಧ ಬರೆಯುವವರಿಗೆ ಆಧಾರವೆಂದರೆ ತಾವು ಕೇಳುವ ಪ್ರಶ್ನೆಗಳೇ. ಅವನ್ನೇ ಕೇಳದಿದ್ದರೆ?

ಕುಂದಾಪುರದ ಕಡೆ ಇರುವ ನಮ್ಮ ಸೋದರತ್ತೆಗೆ 74 ವರ್ಷ. ರಕ್ತದೊತ್ತಡ ಹಳೆಯ ನೆಂಟ. ಮೊಣಕಾಲು ನೋವೆಂದಾಗ ಪಕ್ಕದ ಮನೆಯವರು ಒಂದು ಆ್ಯಪಿನಲ್ಲಿ ವೈದ್ಯರನ್ನು ಹಿಡಿದುಕೊಟ್ಟರು. ಅವರು ಎರಡೇ ಮಾತಿನಲ್ಲಿ ವಿಚಾರಣೆ ಮುಗಿಸಿ, 15 ದಿನಕ್ಕೆ ಡೈಕ್ಲೊಫೆನಾಕ್ ಬರೆದರು. ಬೇರೆ ಏನು ನುಂಗುತ್ತೀರಿ ಎಂದು ಕೇಳಲಿಲ್ಲ. ವಾರದೊಳಗೆ ಅತ್ತೆಯ ಕಾಲು ಊದಿತು.

ಸುದ್ದಿ ತಿಳಿದು ನಾವು ಇಲ್ಲಿಯ ವೈದ್ಯರೊಬ್ಬರನ್ನು ವಿಡಿಯೊದಲ್ಲಿ ತೋರಿಸಿದೆವು. ಅವರು ಮನೆಯಲ್ಲಿರುವ ಗುಳಿಗೆಯನ್ನೆಲ್ಲ ಕ್ಯಾಮರಾಕ್ಕೆ ಹಿಡಿಯಲು ಹೇಳಿದರು. ಅತ್ತೆಯ ಲೆಕ್ಕದಲ್ಲಿ ಗುಳಿಗೆಗಳಿಗೆ ಹೆಸರಿಲ್ಲ. ಬಿಳಿಯದು, ಅರ್ಧ ಮುರಿದದ್ದು, ರಾತ್ರಿಯದು, ಅಷ್ಟೆ. ಬಿಸ್ಕತ್ತಿನ ಡಬ್ಬಿ ಬಂತು. ಅದರಲ್ಲಿ ಟೆಲ್ಮಿಸಾರ್ಟಾನ್, ಅದರೊಂದಿಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್. ಇವೆರಡರ ಮೇಲೆ ಇಂಥ ನೋವಿನ ಗುಳಿಗೆಯೂ ಸೇರಿದರೆ ಮೂತ್ರಪಿಂಡಕ್ಕೆ ರಕ್ತ ಸಾಲದೆ, ವಯಸ್ಸಾದವರಲ್ಲಿ ಅದು ಕೆಲಸ ನಿಲ್ಲಿಸುವ ಅಪಾಯವಿದೆಯಂತೆ, ಒತ್ತಡವೂ ಏರುತ್ತದೆ. ನೋವಿನ ಗುಳಿಗೆ ನಿಲ್ಲಿಸಿ, ನಾಳೆಯೇ ಆಸ್ಪತ್ರೆಗೆ ಹೋಗಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ ಎಂದರು. ಹೊಸ ಔಷಧ ಬರೆಯಲಿಲ್ಲ. ಅತ್ತೆಗೆ ಭಾರೀ ನಿರಾಸೆ: "ಇದೆಂತಾ ಡಾಕ್ಟ್ರು ಮಾರಾಯ, ಒಂದ್ ಗುಳ್ಗಿಯೂ ಕೊಡ್ಲಿಲ್ಲ!"

ಬರೆಯದಿರುವುದೂ ವೈದ್ಯವೇ ಎಂದು ಅವರಿಗೆ ಹೇಳುವವರು ಯಾರು? ಸರಕಾರವಂತೂ ಹೇಳಿದೆ. 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಪ್ಯಾರಾಸಿಟಮಾಲ್, ಓಆರ್‌ಎಸ್‌ಗಳನ್ನು ಬರೀ ಫೋನಿನಲ್ಲೂ ಹೇಳಬಹುದು. ಮೊದಲ ಭೇಟಿಯಲ್ಲೇ ಬರೆಯಬಹುದಾದ ಕೆಲವಕ್ಕೆ ವಿಡಿಯೊ ಬೇಕು. ಹಳೆಯ ಕಾಯಿಲೆಗೆ ಇನ್ನೊಂದು ಗುಳಿಗೆ ಸೇರಿಸಬೇಕಾದರೆ 6 ತಿಂಗಳೊಳಗೆ ರೋಗಿಯನ್ನು ಎದುರಿಗೇ ಪರೀಕ್ಷಿಸಿರಬೇಕು. ಮಾರ್ಫೀನಿನಂಥವು ಕೂಡವೇ ಕೂಡದು. ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಔಷಧದಂಗಡಿಗೆ ಹೋಗುವ ಮೊದಲು ನಾವು ಅದನ್ನಾದರೂ ಹುಡುಕಬಹುದು.

ಆದರೆ ಮಾರ್ಗಸೂಚಿಗೆ ಸಿಗದ ತೊಡಕೊಂದು ನಮ್ಮ ಪಾಲಿಗಿದೆ. ವೈದ್ಯರದು ಹಿಂದಿ, ಅತ್ತೆಯದು ಕುಂದಾಪುರದ ಕನ್ನಡ, ನಡುವೆ ದುಭಾಷಿಗಳು ನಾವು. "ಜೀವ ಒಂಥರಾ ಆತ್" ಎಂದರು ಅತ್ತೆ. ಇದಕ್ಕೆ ಹಿಂದಿಯಲ್ಲಿ ಏನೆನ್ನುವುದು? ಸುಸ್ತೋ, ಎದೆ ಬಡಿತವೋ, ಹಸಿವೋ? ನಮಗೆ ತೋಚಿದ್ದನ್ನು ಹೇಳಿಬಿಡಬೇಡಿ, ಅವರನ್ನೇ ಕೇಳಿ ಎಂದರು ವೈದ್ಯರು. ನಾಲ್ಕು ಪ್ರಶ್ನೆಯಾದ ಮೇಲೆ ಗೊತ್ತಾಯಿತು: ಮಂಚದಿಂದ ಏಳುವಾಗ ಮಾತ್ರ ಕಣ್ಣು ಕತ್ತಲೆ. ಹಾಗಿದ್ದರೆ ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿ.ಪಿ. ಅಳೆಸಿ ತನ್ನಿ, ಆಮೇಲೆ ಗುಳಿಗೆಯ ಮಾತು ಎಂದು ಅವರು ಫೋನಿಟ್ಟರು.