ಪುತ್ತೂರಿನ ತೋಟಕ್ಕೆ ನ್ಯೂಯಾರ್ಕಿನ ರೇಟು

ಬೆಳಗ್ಗೆ ಏಳು ಗಂಟೆ. ಪುತ್ತೂರು ಪೇಟೆ ದಾಟಿ ಒಳಗೆ ಬಂದು, ಮಣ್ಣಿನ ರಸ್ತೆ ಮುಗಿಯುವಲ್ಲಿ ಗಾಡಿ ನಿಲ್ಲಿಸಿ, ಒಂದು ಅಡಿಕೆ ತೋಟಕ್ಕೆ ಇಳಿಯುತ್ತಿದ್ದೀರಿ. ಸ್ಪ್ರಿಂಕ್ಲರ್ ಈಗಷ್ಟೇ ನಿಂತಿದೆ. ಸೋಗೆಯಿಂದ ನೀರು ತೊಟ್ಟಿಕ್ಕುತ್ತಿದೆ, ಕಾಲಡಿಯಲ್ಲಿ ಒದ್ದೆ ತರಗೆಲೆ. ತಲೆ ಎತ್ತಿದರೆ ಅಡಿಕೆ ಗೊನೆ. ಎದೆಮಟ್ಟದಲ್ಲಿ ನೋಡಿದರೆ ಕೊಕ್ಕೊ. ಇದರ ಕಾಯಿ ಕಾಂಡದ ಮೈಗೇ ಬಿಡುತ್ತದೆ. ಹಳದಿಗೆ ತಿರುಗಿದ ಒಂದನ್ನು ನೀವು ಹಿಡಿದು ಎಳೆಯಲು ಹೋಗುತ್ತೀರಿ.

“ಎಳೀಬೇಡಿ ಮಾರಾಯ್ರೇ, ತೊಗಟೆ ಕಿತ್ತು ಬಂದ್ರೆ ಅಲ್ಲಿ ಮತ್ತೆ ಹೂ ಬಿಡುದಿಲ್ಲ” ಎನ್ನುತ್ತ ತೋಟದ ಯಜಮಾನರು ಕೈಗೆ ಕತ್ತಿ ಕೊಡುತ್ತಾರೆ.

ಕೊಯ್ದ ಕಾಯಿಯ ರಾಶಿಯ ಎದುರು ಮನೆಯವರೆಲ್ಲ ಕೂತಿದ್ದಾರೆ. ಕತ್ತಿಯಲ್ಲಿ ಸೀಳಿದರೆ ಬೀಜಕ್ಕೆ ಪೆಟ್ಟು ಬೀಳುತ್ತದೆ. ಅದಕ್ಕೆ ಕಾಯನ್ನು ಕಲ್ಲಿಗೆ ಬಡಿದೇ ಒಡೆಯುತ್ತಾರೆ. ಒಳಗೆ ಒತ್ತಾಗಿ ಕೂತ 30-40 ಬೀಜ, ಮೇಲೆ ಬಿಳಿ ಲೋಳೆ. ಒಂದನ್ನು ಬಾಯಿಗೆ ಹಾಕಿಕೊಳ್ಳಿ. ಹುಳಿ ಬೆರೆತ ಸಿಹಿ, ಚಾಕೊಲೇಟಿನ ಸುಳಿವೇ ಇಲ್ಲ. ಆ ಪರಿಮಳ ಬರಬೇಕಾದರೆ ಬೀಜ ಐದಾರು ದಿನ ಹುಳಿಯಬೇಕು, ಮತ್ತೆ ಚೆನ್ನಾಗಿ ಒಣಗಬೇಕು, ಆಮೇಲೆ ಹುರಿಯಬೇಕು. ಆದರೆ ಇಲ್ಲಿ ಕೊಕ್ಕೊದ ದೊಡ್ಡ ಕೊಯ್ಲು ಏಪ್ರಿಲ್‌ನಿಂದ ಜೂನ್‌ವರೆಗೆ. ಒಣಗಿಸುವ ಹೊತ್ತಿಗೆ ಕರಾವಳಿಗೆ ಮಳೆ ಹಿಡಿದಿರುತ್ತದೆ, ಅಂಗಳಕ್ಕೆ ಹರಡಿದ್ದು ಬೂಸ್ಟು ಹಿಡಿಯುತ್ತದೆ. ಹಾಗಾಗಿ ಸಣ್ಣ ಬೆಳೆಗಾರರು ಹಸಿ ಬೀಜವನ್ನೇ ಚೀಲಕ್ಕೆ ತುಂಬಿ ಕೊಟ್ಟುಬಿಡುತ್ತಾರೆ. ಅಡಿಕೆಯನ್ನಾದರೆ ಸುಲಿಯದೆ ಅಟ್ಟದಲ್ಲಿಟ್ಟು ಒಳ್ಳೆಯ ರೇಟಿಗೆ ಕಾಯಬಹುದು. ಹಸಿ ಕೊಕ್ಕೊ ಕಾಯುವುದಿಲ್ಲ. ಕೊಳ್ಳುವವರು ಬಾರದಿದ್ದರೆ ಅದನ್ನು ಮರದ ಬುಡಕ್ಕೇ ಸುರಿಯಬೇಕು.

ಚೀಲ ಹೊತ್ತ ಪಿಕಪ್‌ನಲ್ಲಿ ನೀವೂ ಹತ್ತಿಕೊಂಡು ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಖರೀದಿ ಕೇಂದ್ರಕ್ಕೆ ಬರುತ್ತೀರಿ. ಚೀಲದ ತಳದಿಂದ ರಸ ಸೋರುತ್ತಿದೆ, ಸುತ್ತ ನೊಣ, ಮೂಗಿಗೆ ಹುಳಿ ವಾಸನೆ. ತೂಕದ ಮುಂದೆ ಸಾಲು.

“ಹಸಿಗೆ ಇವತ್ತು ಎಷ್ಟುಂಟು?”

“ಬೋರ್ಡಲ್ಲಿ ಉಂಟಲ್ಲ ಭಟ್ರೇ, ನೋಡಿ.”

“ಆಗ ಎಲ್ಲಿತ್ತು, ಈಗ ಎಲ್ಲಿಗೆ ಬಂತು!”

“ಅದು ನಮ್ಮ ಕೈಯಲ್ಲಿ ಉಂಟಾ? ಆಫ್ರಿಕಾದಲ್ಲಿ ಬೆಳೆ ಬಂದ್ರೆ ಇಲ್ಲಿ ಇಳೀತದೆ.”

ಅವರು ಹೇಳಿದ್ದು ಅಕ್ಷರಶಃ ನಿಜ. ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡೇ ದೇಶಗಳದ್ದು. ಅಲ್ಲಿ ಹವಾಮಾನ ಕೈಕೊಟ್ಟು, ಮುದಿ ಗಿಡಗಳಿಗೆ ವೈರಸ್ ರೋಗ ತಗುಲಿ ಫಸಲು ಕುಸಿದಾಗ, 2024ರಲ್ಲಿ ನ್ಯೂಯಾರ್ಕಿನ ವಾಯಿದಾ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿತು. ವರ್ಷದ ಕೊನೆಗೆ 12,000 ಡಾಲರನ್ನೂ ಮೀರಿತು. ಪುತ್ತೂರಿನ ಬೋರ್ಡಿನಲ್ಲೂ ಯಾರೂ ಕಂಡು ಕೇಳದ ಅಂಕಿ ಬಂತು. 2025ರಲ್ಲಿ ಬೆಲೆ ಜಾರತೊಡಗಿದಾಗ ಬೋರ್ಡೂ ಜೊತೆಗೇ ಜಾರಿತು. ಭಾರತ ಬೆಳೆಯುವುದು ವರ್ಷಕ್ಕೆ ಸುಮಾರು 30 ಸಾವಿರ ಟನ್. ನಮ್ಮ ಚಾಕೊಲೇಟ್ ಉದ್ಯಮಕ್ಕೆ ಅದು ಯಾವ ಮೂಲೆಗೂ ಸಾಲದು, ಉಳಿದದ್ದು ಹಡಗಿನಲ್ಲಿ ಬರುತ್ತದೆ. ಹಾಗಿರುವಾಗ ಬೆಲೆ ಕಟ್ಟುವ ಅಧಿಕಾರ ನಮಗೆಲ್ಲಿಂದ ಬರಬೇಕು?

ತೂಕವಾಗುವ ತನಕ ಪಕ್ಕದ ಬೆಂಚಿನಲ್ಲಿ ಕೂತ ಹಿರಿಯರೊಬ್ಬರ ಮಾತು ಕೇಳಿ. ಕರಾವಳಿಯ ಅಡಿಕೆ ತೋಟಗಳಿಗೆ ಕೊಕ್ಕೊ ಬಂದದ್ದು ಚಾಕೊಲೇಟ್ ಕಂಪನಿಯ ಪ್ರೋತ್ಸಾಹದಿಂದ. ನೆರಳಿನಲ್ಲಿ ಬೆಳೆಯುತ್ತದೆ, ಅಡಿಕೆಗೆ ಹಾಕಿದ ನೀರೇ ಸಾಕು ಎಂದು ಜನ ನೆಟ್ಟರು. 1970ರ ದಶಕದ ಕೊನೆಗೆ ವಿಶ್ವ ಮಾರುಕಟ್ಟೆ ಕುಸಿಯಿತು, ಖಾಸಗಿ ಖರೀದಿದಾರರು ಹಿಂದೆ ಸರಿದರು. ಬೇಸತ್ತವರು ಗಿಡ ಕಡಿದು ಹಾಕಿದರು. ಅಡಿಕೆ ಬೆಲೆ ಕುಸಿತದಿಂದ ಕಂಗೆಟ್ಟಿದ್ದ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಯಾರಿಗೂ ಬೇಡವಾದ ಹೊತ್ತಿನಲ್ಲಿ ಕೊಕ್ಕೊ ಖರೀದಿಗೆ ಇಳಿಯಿತು.

ಕೊಂಡದ್ದನ್ನು ಒಣಗಿಸಿ ಬರೀ ಬೀಜವಾಗಿ ಮಾರಿದರೆ ಪರದೇಶದ ಬೆಲೆಗೇ ಜೋತುಬೀಳಬೇಕು. ಹಾಗಾಗಿ ಚಾಕೊಲೇಟನ್ನೇ ಮಾಡುವುದೆಂದು ತೀರ್ಮಾನವಾಯಿತು. ಅಡಿಕೆ ಸುಲಿದ ಕೈಗಳ ಸಂಸ್ಥೆ ಬಹುರಾಷ್ಟ್ರೀಯ ಕಂಪನಿಗಳ ಅಂಗಳಕ್ಕೆ ಕಾಲಿಟ್ಟ ಈ ಧೈರ್ಯವನ್ನು ನೆನೆದಾಗಲೆಲ್ಲ ನನಗೆ ಮೈನವಿರೇಳುತ್ತದೆ. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಎದ್ದಿತು. 1986ರಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು.

ಬನ್ನಿ, ಅಲ್ಲಿಗೇ ಹೋಗೋಣ. ಒಳಗೆ ಹೋಗುವ ಮೊದಲೇ ಗಾಳಿಯಲ್ಲಿ ಪರಿಮಳ. ತಲೆಗೆ ಟೊಪ್ಪಿ ಹಾಕಿ ಒಳಗೆ ಕಾಲಿಟ್ಟರೆ ಯಂತ್ರಗಳ ಸದ್ದಿಗೆ ಪಕ್ಕದವರ ಮಾತೂ ಕೇಳದು. ಹುರಿದ ಬೀಜದ ಸಿಪ್ಪೆ ಹಾರಿ, ಒಳತಿರುಳು ಅರೆದು, ಕಡುಕಂದು ಬಣ್ಣದ ದ್ರವವಾಗಿ ಹರಿಯುತ್ತದೆ. ಅದನ್ನು ಒತ್ತಡಕ್ಕೆ ಸಿಕ್ಕಿಸಿದರೆ ಒಂದು ಕಡೆ ಕೊಕ್ಕೊ ಬೆಣ್ಣೆ, ಇನ್ನೊಂದು ಕಡೆ ಹಿಂಡಿ. ಹಿಂಡಿಯನ್ನು ಪುಡಿ ಮಾಡಿದರೆ ನೀವು ಹಾಲಿಗೆ ಕದಡಿಕೊಳ್ಳುವ ಕೊಕ್ಕೊ ಪುಡಿ. ಈ ಒತ್ತುಯಂತ್ರದ ಎದುರು ಸ್ವಲ್ಪ ಹೊತ್ತು ನಿಂತು ನೋಡಿ. ಬೀಜವಾಗಿದ್ದಾಗ ಒಂದೇ ಮಾರುಕಟ್ಟೆ ಇದ್ದ ವಸ್ತು ಇಲ್ಲಿ ಬೆಣ್ಣೆ, ಪುಡಿ, ಚಾಕೊಲೇಟ್ ಎಂದು ಮೂರು ಮಾರುಕಟ್ಟೆಗೆ ಹೋಗುತ್ತದೆ. ಒಂದು ಬಿದ್ದಾಗ ಇನ್ನೊಂದು ಎತ್ತಿ ಹಿಡಿಯಬಹುದು.

ಉದಾರೀಕರಣದ ನಂತರ ದೊಡ್ಡ ಬ್ರ್ಯಾಂಡುಗಳ ಜಾಹೀರಾತಿಗೆ ಎದುರು ನಿಲ್ಲುವುದು ಸುಲಭವಿರಲಿಲ್ಲ. ಆಗ ಕ್ಯಾಂಪ್ಕೊ ಹಟಕ್ಕೆ ಬೀಳದೆ ನೆಸ್ಲೆ ಕಂಪನಿಗೂ ಇದೇ ಕಾರ್ಖಾನೆಯಲ್ಲಿ ಚಾಕೊಲೇಟ್ ತಯಾರಿಸಿಕೊಟ್ಟಿತು, ಯಂತ್ರಗಳು ಖಾಲಿ ಕೂರಲಿಲ್ಲ. ಜೊತೆಗೆ ಮೆಲ್ಟೋ, ಟರ್ಬೋ, ಕ್ಯಾಂಪ್ಕೊ ಬಾರ್ ಎಂಬ ತನ್ನ ಹೆಸರುಗಳನ್ನೂ ಬಿಡಲಿಲ್ಲ. ಮುಂದೆ ಕಾಳುಮೆಣಸಿನ ಖರೀದಿಗೂ ಕೈ ಹಾಕಿತು. ಆದರೂ ಒಂದು ಮಾತು ಹೇಳಲೇಬೇಕು: ರುಚಿಯಲ್ಲಿ ಕೊರತೆಯಿಲ್ಲದ ಈ ಚಾಕೊಲೇಟ್ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಕೊಳ್ಳುವುದರಲ್ಲಿ, ತಯಾರಿಸುವುದರಲ್ಲಿ ತೋರಿದ ಛಲವನ್ನು ಮಾರುವುದರಲ್ಲೂ ತೋರಬೇಕು.

ಹೊರಗೆ ಬಂದಾಗ ಮಧ್ಯಾಹ್ನ. ಗೇಟಿನ ಬಳಿ ಹಣದ ಲೆಕ್ಕ ಮಾತಾಡುತ್ತಿರುವ ಬೆಳೆಗಾರರಿಗೆ ನನ್ನದೊಂದು ವಿನಂತಿ ಇದೆ. ಬೆಲೆ ಏರಿದಾಗ ಹೊರಗಿನ ವ್ಯಾಪಾರಿ ಮನೆ ಬಾಗಿಲಿಗೇ ಬಂದು ನಾಲ್ಕು ರೂಪಾಯಿ ಹೆಚ್ಚು ಕೊಡುತ್ತಾನೆ, ಪಡೆಯುವುದು ತಪ್ಪಲ್ಲ. ಬೆಲೆ ಬಿದ್ದ ದಿನ ಆತ ಬರುವುದಿಲ್ಲ. ಆ ದಿನವೂ ತೂಕದ ಮುಂದೆ ಯಾರಾದರೂ ಇರಬೇಕೆಂದಾದರೆ, ಒಳ್ಳೆಯ ದಿನಗಳಲ್ಲಿ ಒಂದು ಪಾಲನ್ನಾದರೂ ನಿಮ್ಮದೇ ಸಂಸ್ಥೆಗೆ ಕೊಡಿ. ಬೆಲೆ ಇಳಿಯಿತೆಂದು ಗಿಡವನ್ನು ಮಾತ್ರ ಕಡಿಯಬೇಡಿ.