ಹರಕೆಯಿಲ್ಲದ ಮನೆ

ದೇವರ ಕೋಣೆಯಿಲ್ಲದ ಮನೆಯಲ್ಲಿ ಹುಟ್ಟಿ ಬೆಳೆದವರು ನಾವು ಎಂದು ತಿಳಿದೊಡನೆ ಜನ ಕೇಳುವ ಮೊದಲನೆಯ ಪ್ರಶ್ನೆ, ‘ಹಾಗಾದರೆ ದೀಪಾವಳಿಗೆ ಏನು ಮಾಡುತ್ತಿದ್ದಿರಿ?’ ಎಂಬುದು. ಎಣ್ಣೆ ಹಚ್ಚಿ ಮೀಯುತ್ತಿದ್ದೆವು, ದೋಸೆ ತಿನ್ನುತ್ತಿದ್ದೆವು. ಈ ಉತ್ತರದಿಂದ ಕೇಳಿದವರಿಗೆ ತುಸು ನಿರಾಶೆಯಾಗುವುದನ್ನು ಎಷ್ಟೋ ಸಲ ಕಂಡಿದ್ದೇವೆ. ನಾಸ್ತಿಕರ ಮನೆಯಲ್ಲಿ ಹಬ್ಬದ ದಿನ ಒಲೆಯೇ ಉರಿಯುವುದಿಲ್ಲವೆಂದು ಅವರು ಎಣಿಸಿರಬೇಕು.

ನಮ್ಮ ತಂದೆಯವರು ಕಾಸರಗೋಡು ಸೀಮೆಯ ಒಬ್ಬ ಬೀಡಿ ಕಾರ್ಮಿಕರು. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಆದ ಕಾನೂನು ಕೇರಳದಲ್ಲಿ ಜಾರಿಗೆ ಬಂದಾಗ ದೊಡ್ಡ ಮಾಲೀಕರು ಕೆಲಸ ನಿಲ್ಲಿಸಿದರು; ಸಾವಿರಾರು ಮಂದಿ ಬೀದಿಗೆ ಬಿದ್ದರು. ಆ ಸಂಕಟದಿಂದಲೇ 1969ರಲ್ಲಿ ಕಣ್ಣೂರಿನ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಬೀಡಿ ಕಟ್ಟುವ ಚಾವಡಿಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದ್ದಿತು. ಒಬ್ಬನು ಪತ್ರಿಕೆಯನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದುವನು; ಉಳಿದವರು ಎಲೆ ಸುರುಟುತ್ತ ಕೇಳುವರು; ಓದಿದವನ ಪಾಲಿನ ಬೀಡಿಗಳನ್ನು ಅವರೇ ಕಟ್ಟಿ ಸರಿದೂಗಿಸುವರು. ಮೂರನೆಯ ತರಗತಿಯವರೆಗೆ ಮಾತ್ರ ಓದಿದ್ದ ತಂದೆಯವರು, 1917ರಲ್ಲಿ ಚೆರಾಯಿಯಲ್ಲಿ ಈಳವರನ್ನೂ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಿದ ಸಹೋದರನ್ ಅಯ್ಯಪ್ಪನ್ ಅವರ ಕಥೆಯನ್ನು ಕೇಳಿದ್ದು ಹೀಗೆ. ಮನುಷ್ಯನಿಗೆ ಜಾತಿಯೂ ಬೇಡ, ಮತವೂ ಬೇಡ, ದೇವರೂ ಬೇಡವೆಂದು ಸಾರಿದವರು ಅವರು. ತಂದೆಯವರ ನಾಸ್ತಿಕ್ಯವು ಕಿವಿಯಿಂದ ಬಂದದ್ದು; ಅದರಲ್ಲಿ ಪಾಂಡಿತ್ಯದ ಬಿಗುವು ಇರಲಿಲ್ಲ.

ನೆರೆಮನೆಯಿಂದ ಪಂಚಕಜ್ಜಾಯ ಬಂದರೆ, ‘ತಿನ್ನಿರಿ, ಬೆಲ್ಲವೂ ತೆಂಗಿನಕಾಯಿಯೂ ಯಾರ ಮತಕ್ಕೂ ಸೇರಿದವಲ್ಲ’ ಎನ್ನುತ್ತಿದ್ದರು. ಪೆರ್ನಾಳಿನ ದಿನ ಬರುತ್ತಿದ್ದ ತುಪ್ಪದನ್ನಕ್ಕೂ ಇದೇ ನ್ಯಾಯ. ತಾಳಮದ್ದಳೆ ಎಲ್ಲಿ ನಡೆದರೂ ಅವರು ಮುಂದಿನ ಸಾಲಿನಲ್ಲಿ. ಕೃಷ್ಣನನ್ನು ನಂಬದಿದ್ದ ಅವರಿಗೆ ಕೃಷ್ಣಸಂಧಾನದ ಮಾತುಗಾರಿಕೆಯೆಂದರೆ ಪ್ರಾಣ. ಭೂತದ ಕೋಲಕ್ಕೂ ನಮ್ಮನ್ನು ಕರೆದೊಯ್ದಿದ್ದುಂಟು. ‘ಕೈ ಮುಗಿಯಬೇಕೆಂದಿಲ್ಲ, ಆದರೆ ನಗಬಾರದು. ಆ ಮನುಷ್ಯ ರಾತ್ರಿಯಿಡೀ ಉಪವಾಸವಿದ್ದು ಬೆಂಕಿಯ ಮುಂದೆ ಕುಣಿಯುತ್ತಾನೆ’ ಎಂದು ದಾರಿಯಲ್ಲೇ ಎಚ್ಚರಿಕೆ ಕೊಟ್ಟಿದ್ದರು. ಇಂಥ ಮನೆಯಲ್ಲಿ ಬೆಳೆದ ಮಕ್ಕಳಿಗೆ ಊರಿನ ದ್ವೇಷವೇನೂ ಕಾಣಸಿಗಲಿಲ್ಲ.

ಕಂಡದ್ದು ಬೇರೆಯೇ ಒಂದು. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರ ಬಂದಾಗ ಸಹಪಾಠಿಗಳೆಲ್ಲರೂ ಒಬ್ಬೊಬ್ಬರು ಒಂದೊಂದು ಹರಕೆ ಹೊತ್ತರು. ಒಬ್ಬನು ಮಧೂರಿನ ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡ. ಇನ್ನೊಬ್ಬನು ತಳಂಗರೆಯ ಮಾಲಿಕ್ ದೀನಾರ್ ಮಸೀದಿಗೆ ಹೋಗಿ ಬಂದ. ಮತ್ತೊಬ್ಬನ ತಾಯಿ ಬೇಳದ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿಸಿದಳು. ನಮಗೆ ಮಾತ್ರ ಹೇಳಿಕೊಳ್ಳಲು ಯಾರೂ ಇರಲಿಲ್ಲ. ತಾಯಿಯವರೊಡನೆ ಅದನ್ನು ಹೇಳಿದಾಗ, ‘ಹರಕೆ ಹೊರುವ ಹೊತ್ತಿನಲ್ಲಿ ಇನ್ನೆರಡು ಲೆಕ್ಕ ಮಾಡು ಮಗಾ’ ಎಂದರು. ಲೆಕ್ಕ ಮಾಡಿದೆವು, ತೇರ್ಗಡೆಯೂ ಆದೆವು. ಆದರೆ ಆ ರಾತ್ರಿಗಳ ಅಂಜಿಕೆಯು ಲೆಕ್ಕದಿಂದ ಕರಗುವಂಥದಾಗಿರಲಿಲ್ಲ. ದೇವರಿಲ್ಲವೆಂದು ಮಕ್ಕಳಿಗೆ ಕಲಿಸುವ ಹಿರಿಯರು ಪುರೋಹಿತನಿಗೆ ಕೊಡಬೇಕಾದ ಉತ್ತರಗಳನ್ನೆಲ್ಲ ಸಿದ್ಧಪಡಿಸಿಕೊಡುತ್ತಾರೆ. ಅಂಜಿಕೆಯಾದಾಗ ಎಲ್ಲಿಗೆ ಹೋಗಬೇಕೆಂಬುದನ್ನು ಹೇಳಿಕೊಡಲು ಮರೆಯುತ್ತಾರೆ ಎಂಬುದು ನಮ್ಮ ಅಭಿಪ್ರಾಯ.

ಶಾಲೆಗೆ ಸೇರಿಸುವಾಗ ತಂದೆಯವರು ಮತ, ಜಾತಿ ಎಂಬ ಎರಡು ಕಾಲಮುಗಳನ್ನು ಖಾಲಿ ಬಿಡಬೇಕೆಂದು ಕೇಳಿಕೊಂಡಿದ್ದರಂತೆ. ಮಾಸ್ತರರು ತಲೆಯಾಡಿಸಿ, ನಾವು ಹೊರಟುಹೋದ ಮೇಲೆ ಊರವರಲ್ಲಿ ವಿಚಾರಿಸಿ ತುಂಬಿಸಿಟ್ಟರು. ಅದು ತಿಳಿದದ್ದು ಟಿ.ಸಿ. ಕೈಗೆ ಬಂದಾಗ. ತಂದೆಯವರು ಅದನ್ನು ಎರಡು ಸಲ ಓದಿ, ಮಡಚಿ ಪೆಟ್ಟಿಗೆಯಲ್ಲಿಟ್ಟರು. ಒಂದು ಮಾತೂ ಆಡಲಿಲ್ಲ.

ಈ ಖಾಲಿ ಕಾಲಮಿನ ವಿಷಯವು ನಮ್ಮ ರಾಜ್ಯದಲ್ಲಿ ಎಷ್ಟು ದೊಡ್ಡದಾಯಿತೆಂಬುದು ವಾಚಕರಿಗೆ ನೆನಪಿರಬಹುದು. 2008ರಲ್ಲಿ ಏಳನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಜೀವನ್ ಎಂಬ ಹುಡುಗನ ಪಾಠವಿದ್ದಿತು. ತಂದೆ ತಾಯಿ ಬೇರೆ ಬೇರೆ ಮತದವರು. ಮಗನ ಮತ ಯಾವುದೆಂದು ಮುಖ್ಯೋಪಾಧ್ಯಾಯರು ಕೇಳಿದರೆ, ಏನೂ ಬರೆಯಬೇಡಿ, ದೊಡ್ಡವನಾದ ಮೇಲೆ ಬೇಕೆನಿಸಿದರೆ ಅವನೇ ಆರಿಸಿಕೊಳ್ಳಲಿ ಎನ್ನುತ್ತಾರೆ. ಪಾಠವಿದ್ದದ್ದು ಇಷ್ಟೇ. ಇದು ಮಕ್ಕಳನ್ನು ನಾಸ್ತಿಕರನ್ನಾಗಿಸುವ ಹುನ್ನಾರವೆಂದು ರಾಜ್ಯದಾದ್ಯಂತ ಗಲಭೆಯೆದ್ದಿತು. ಆ ಜುಲೈಯಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಶಿಕ್ಷಕರ ಸಭೆಯ ಬಳಿ ನಡೆದ ಘರ್ಷಣೆಯಲ್ಲಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಪ್ರಾಣ ಕಳೆದುಕೊಂಡರು. ಇತಿಹಾಸಕಾರ ಕೆ.ಎನ್. ಪಣಿಕ್ಕರ್ ಅವರ ಸಮಿತಿ ಕುಳಿತು, ಪಾಠವನ್ನು ತಿದ್ದಲಾಯಿತು. ಆ ಹುಡುಗನ ಜಾಗದಲ್ಲಿ ಒಂದು ಕಾಲದಲ್ಲಿ ಕುಳಿತಿದ್ದವರು ನಾವು; ಆ ವರ್ಷ ತರಗತಿಯಲ್ಲಿ ಪುಸ್ತಕ ತೆರೆಯುವಾಗ ಕೈ ತುಸು ನಡುಗಿದ್ದು ನಿಜ.

ಹತ್ತು ವರ್ಷಗಳ ಬಳಿಕ, 2018ರ ಮಾರ್ಚಿಯಲ್ಲಿ, ಸುಮಾರು 1.24 ಲಕ್ಷ ವಿದ್ಯಾರ್ಥಿಗಳು ಜಾತಿ ಮತಗಳ ಕಾಲಮನ್ನು ತುಂಬಿಸಿಲ್ಲವೆಂದು ಶಿಕ್ಷಣ ಮಂತ್ರಿಗಳು ವಿಧಾನಸಭೆಯಲ್ಲಿ ತಿಳಿಸಿದರು. ಬಹುಜನರು ಹರ್ಷಪಟ್ಟರು. ಮರುದಿನದಿಂದಲೇ ಕೆಲವು ಶಾಲೆಗಳು, ನಮ್ಮ ಮಕ್ಕಳಿಗೆ ಮತವಿದೆ, ಕಂಪ್ಯೂಟರಿನಲ್ಲಿ ತುಂಬಿಸಿಲ್ಲ ಅಷ್ಟೇ ಎಂದು ತಕರಾರೆತ್ತಿದವು. ಖಾಲಿ ಜಾಗವು ಆಯ್ಕೆಯೋ, ಗುಮಾಸ್ತರ ಆಲಸ್ಯವೋ ಎಂದು ಹೇಳಲಾಗದಂಥ ಲೆಕ್ಕವದು. ಗಡಿನಾಡಿನ ನಮಗೆ ಇದು ಹೊಸತಲ್ಲ. ಮನೆಯಲ್ಲಿ ತುಳುವಾಡುವ, ಪೇಟೆಯಲ್ಲಿ ಮಲಯಾಳವಾಡುವ, ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿನ ಮಾತೃಭಾಷೆ ಯಾವುದೆಂದು ಒಂದೇ ಕಾಲಮಿನಲ್ಲಿ ಬರೆಯುವವರಲ್ಲವೇ ನಾವು!

ನಮ್ಮ ಶಾಲೆಯಲ್ಲಿ ಈಗ ಅಂಥ ಇಬ್ಬರು ಮಕ್ಕಳಿದ್ದಾರೆ. ಬೆಳಗಿನ ಪ್ರಾರ್ಥನೆಗೆ ಅವರು ಹಾಡಬೇಕೇ ಎಂದು ಹೊಸ ಶಿಕ್ಷಕಿಯೊಬ್ಬರು ಕೇಳಿದರು. ಸರಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಪೂಜೆ ಪ್ರಾರ್ಥನೆಗಳಲ್ಲಿ ಸೇರಿಸುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಒಡಹುಟ್ಟಿದ ಮಕ್ಕಳನ್ನು, ರಾಷ್ಟ್ರಗೀತೆ ಹಾಡದೆ ಸುಮ್ಮನೆ ನಿಂತರೆಂದು 1985ರಲ್ಲಿ ಕೇರಳದ ಶಾಲೆಯೊಂದರಿಂದ ಹೊರಹಾಕಿದಾಗ, ಗೌರವದಿಂದ ಎದ್ದು ನಿಂತರೆ ಸಾಕೆಂದು ಸುಪ್ರೀಂ ಕೋರ್ಟು 1986ರಲ್ಲಿ ತೀರ್ಪಿತ್ತಿತು. ಗಾಢವಾದ ನಂಬಿಕೆಯವರು ಗೆದ್ದುಕೊಟ್ಟ ಈ ತೀರ್ಪಿನ ನೆರಳಿನಲ್ಲಿ ನಂಬಿಕೆಯಿಲ್ಲದವರ ಮಕ್ಕಳೂ ನಿಂತಿದ್ದಾರೆ ಎಂಬುದು ಸೋಜಿಗವಲ್ಲವೇ?

ನಮ್ಮ ಸೋದರಳಿಯನೊಬ್ಬ ಸ್ವೀಡನ್ನಿನಲ್ಲಿದ್ದಾನೆ. ಅಲ್ಲಿ ಅವನ ಮಗಳನ್ನು ಶಾಲೆಗೆ ಸೇರಿಸುವಾಗ ಮತವನ್ನು ಯಾರೂ ಕೇಳಲೇ ಇಲ್ಲವಂತೆ. ಅದೂ ಒಂದೇ ದಿನದಲ್ಲಿ ಆದದ್ದಲ್ಲ. 1951ರವರೆಗೆ ಅಲ್ಲಿಯವರು ಇನ್ನೊಂದು ಪಂಥಕ್ಕೆ ಸೇರದೆ ಸರಕಾರಿ ಚರ್ಚನ್ನು ಬಿಡುವಂತಿರಲಿಲ್ಲ. 1996ರವರೆಗೆ ಚರ್ಚಿನ ಸದಸ್ಯರ ಮಕ್ಕಳು ಹುಟ್ಟಿನಿಂದಲೇ ಸದಸ್ಯರಾಗುತ್ತಿದ್ದರು. ಚರ್ಚು ಸರಕಾರದಿಂದ ಬೇರ್ಪಟ್ಟದ್ದು 2000ದಲ್ಲಿ. ಇಂದಿಗೂ ದೇಶದ ಅರ್ಧದಷ್ಟು ಜನ ಅದರ ಸದಸ್ಯರೇ, ಭಾನುವಾರ ಹೋಗುವವರು ಮಾತ್ರ ಬಹಳ ಕಡಮೆ. ಡಿಸೆಂಬರ್ 13ರಂದು ಲೂಸಿಯಾ ಎಂಬ ಸಂತಳ ಹೆಸರಿನಲ್ಲಿ ಶಾಲೆಯ ಮಕ್ಕಳೆಲ್ಲ ಬಿಳಿಯುಡುಗೆ ತೊಟ್ಟು ದೀಪ ಹಿಡಿದು ಹಾಡುತ್ತಾರೆ. ಅಳಿಯನ ಮಗಳೂ ಹಾಡಿದಳು. ನಂಬಿಕೆಯ ಮಾತನ್ನು ಯಾರೂ ಎತ್ತಲಿಲ್ಲ. ಅಲ್ಲಿ ಮತವಿಲ್ಲದ ಮಗುವಿಗೆ ಅದೊಂದು ಹೇಳಿಕೊಳ್ಳುವ ಸಂಗತಿಯೇ ಅಲ್ಲ. ನಮಗಾದರೋ ದೀಪಾವಳಿಯ ದೋಸೆಗೂ ಸಮಜಾಯಿಷಿ ಬೇಕಾಗಿತ್ತು.

ಅಲ್ಲಿ ಎಲ್ಲರೂ, ಚರ್ಚಿಗೆ ಸೇರದವರೂ, ಅಂತ್ಯಸಂಸ್ಕಾರಕ್ಕಾಗಿ ಒಂದು ಶುಲ್ಕವನ್ನು ತೆರುತ್ತಾರೆ. ಆದುದರಿಂದ ಸತ್ತವನಿಗೆ ಮತವಿಲ್ಲದಿದ್ದರೂ ನೆಲವಿರುತ್ತದೆ. ಇದನ್ನು ಕೇಳಿದಾಗ ನಮಗೆ ತಂದೆಯವರು ತೀರಿಕೊಂಡ 1999ರ ಮಳೆಗಾಲ ನೆನಪಾಯಿತು. ಕ್ರಿಯೆಗಳೊಂದೂ ಬೇಡವೆಂದು ಅವರು ಮೊದಲೇ ಬರೆದಿಟ್ಟಿದ್ದರು. ಸಂಗಡಿಗರು ಸೇರಿ ನಮ್ಮ ಹಿತ್ತಿಲಲ್ಲೇ ಚಿತೆಯೊಟ್ಟಿದರು. ಬೊಜ್ಜದ ಮಾತು ಬಂದಾಗ ಸೋದರತ್ತೆ ನಮ್ಮನ್ನು ಹತ್ತಿರ ಕರೆದು ಕುಳ್ಳಿರಿಸಿಕೊಂಡರು. ‘ಅವನಿಗೆ ಬೇಡ, ಸರಿ. ನನಗೆ ಬೇಕಲ್ಲವಾ ಮಗಾ? ಹೋದದ್ದು ನನ್ನ ತಮ್ಮನಲ್ಲವಾ?’ ಎಂದರು.

ತಂದೆಯವರ ಬಳಿ ಪುರೋಹಿತನಿಗೆ ಉತ್ತರವಿದ್ದಿತು. ಅಕ್ಕನಿಗೆ ಕೊಡಬೇಕಾದ ಉತ್ತರವನ್ನು ಅವರು ಬರೆದಿಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಅವರ ಮಾತೇ ನಡೆಯಿತು. ಹದಿಮೂರನೆಯ ದಿನ ಅತ್ತೆಯವರು ತಮ್ಮ ಮನೆಯಲ್ಲಿ ತುದಿ ಬಾಳೆಲೆ ಹಾಕಿ, ತಮ್ಮನಿಗೆ ಇಷ್ಟವಾದ ಬಂಗುಡೆಯ ಸಾರು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಬಂದು ಕುಳಿತರು. ನಾವೂ ಅವರ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತೆವು. ಕೈ ಮುಗಿಯಲಿಲ್ಲ, ನಗಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯವರು ಬಾಗಿಲು ತೆರೆದು, ಊಟಕ್ಕೆ ಏಳಿ ಎಂದು ಎಲ್ಲರನ್ನೂ ಒಳಗೆ ಕರೆದರು.