ನೆಲಮಾಳಿಗೆಯಲ್ಲೊಂದು ಇಂಡಿಯಾನಾಪೊಲಿಸ್

ಇಂಡಿಯಾನಾಪೊಲಿಸ್ ನಗರದ ಪಶ್ಚಿಮಕ್ಕೆ ‘ಸ್ಪೀಡ್‌ವೇ’ ಎಂಬ ಹೆಸರಿನದೇ ಒಂದು ಪಟ್ಟಣವಿದೆ. ಆ ಪಟ್ಟಣದಲ್ಲೇ ಜಗತ್ಪ್ರಸಿದ್ಧವಾದ ಕಾರು ಓಟದ ಬಯಲು. ನವೆಂಬರಿನ ಬೆಳಿಗ್ಗೆ, ಮೂಗಿನ ತುದಿ ನನ್ನದೋ ಬೇರೆಯವರದೋ ತಿಳಿಯದಂಥ ಚಳಿ. “ದೊಡ್ಡಮ್ಮ, ಇನ್ನೊಂದು ಸ್ವೆಟರ್ ಹಾಕ್ಕೊಂಡ್‌ಬಿಡಿ” ಎನ್ನುತ್ತ ತಂಗಿಯ ಮಗ ಕಾರನ್ನು ಸುರಂಗವೊಂದಕ್ಕೆ ಇಳಿಸುತ್ತಾನೆ. ನಮ್ಮ ತಲೆಯ ಮೇಲೆಯೇ ರೇಸಿನ ರಸ್ತೆ! ಆಚೆ ಬದಿಯಲ್ಲಿ ಮೇಲೆ ಬಂದು ನೋಡಿದರೆ ಅಂಡಾಕಾರದ ಒಳಗಡೆ ವಸ್ತುಸಂಗ್ರಹಾಲಯವಿದೆ, ಹುಲ್ಲುಗಾವಲಿದೆ, ಗಾಲ್ಫ್ ಆಡುವ ಜಾಗವೂ ಇದೆ. ಸುತ್ತ ಎರಡೂವರೆ ಮೈಲಿ, ಅಂದರೆ ನಾಲ್ಕು ಕಿಲೋಮೀಟರು.

ಪ್ರವಾಸಿಗರ ಬಸ್ಸು ನಮ್ಮನ್ನು ಆ ರಸ್ತೆಯ ಮೇಲೇ ಒಂದು ಸುತ್ತು ಹಾಕಿಸುತ್ತದೆ. ರೇಸಿನ ತಿರುವು ಎಂದರೆ ಗೋಡೆಯಂತೆ ಎದ್ದಿರುತ್ತದೆಂದು ನಾನು ಕಿಟಕಿಯ ಸರಳು ಹಿಡಿದು ಕೂತರೆ, ಬಸ್ಸು ತಣ್ಣಗೆ ತಿರುಗಿಬಿಡುತ್ತದೆ. ಇಲ್ಲಿನ ನಾಲ್ಕು ತಿರುವುಗಳ ವಾಲು 9 ಡಿಗ್ರಿ 12 ಮಿನಿಟು ಅಷ್ಟೆ. ಫ್ಲಾರಿಡಾದ ಡೇಟೋನಾದಲ್ಲಿ ಅದು 31 ಡಿಗ್ರಿ, ಅಲಬಾಮಾದ ಟಾಲಡೇಗಾದಲ್ಲಿ 33. ನಕ್ಷೆ ನೋಡಿದ ಮೇಲೆ ಇನ್ನೊಂದು ಅಚ್ಚರಿ: ಇದು ಮೊಟ್ಟೆಯ ಆಕಾರವೇ ಅಲ್ಲ, ಮೂಲೆ ಸವೆಸಿದ ಆಯತ. ಉದ್ದನೆಯ ನೇರಗಳು ಮೈಲಿಯ ಎಂಟನೇ ಐದು ಭಾಗ, ಗಿಡ್ಡ ನೇರಗಳು ಎಂಟನೇ ಒಂದು ಭಾಗ, ಪ್ರತಿ ತಿರುವೂ ಕಾಲು ಮೈಲಿ. ಕೂಡಿಸಿ ನೋಡಿ, ಸರಿಯಾಗಿ ಎರಡೂವರೆ ಬರುತ್ತದೆ.

1909ರಲ್ಲಿ ಈ ರಸ್ತೆಗೆ 32 ಲಕ್ಷ ಇಟ್ಟಿಗೆ ಹಾಸಿದ್ದರಂತೆ. ಈಗ ಮೇಲೆ ಡಾಂಬರು. ಓಟ ಶುರುವಾಗುವ ಗೆರೆಯಲ್ಲಿ ಮಾತ್ರ ಒಂದು ಗಜ ಅಗಲದ ಇಟ್ಟಿಗೆ ಪಟ್ಟಿ ಉಳಿದಿದೆ. ಗೆದ್ದವರು ಮಂಡಿಯೂರಿ ಅದಕ್ಕೆ ಮುತ್ತಿಡುತ್ತಾರೆ. ಜತೆಗೆ ಹಾಲು ಕುಡಿಯುತ್ತಾರೆ! 1936ರಲ್ಲಿ ಗೆದ್ದ ಲೂಯಿ ಮೇಯರ್ ಮಜ್ಜಿಗೆ ಕೇಳಿ ಕುಡಿದಿದ್ದೇ ಈ ಹಾಲಿನ ಪದ್ಧತಿಗೆ ಮೂಲ. ಮಜ್ಜಿಗೆಯ ಗೌರವ ಇಷ್ಟು ದೂರ ಬಂದಿದೆಯೆಂದು ತಿಳಿದು ನನಗೆ ಊರಿನ ಕಡೆಯವರನ್ನು ಕಂಡಷ್ಟು ಹಿಗ್ಗು. ಸಂಗ್ರಹಾಲಯದಲ್ಲಿ 1911ರ ಮೊದಲ ಐನೂರು ಮೈಲಿ ಓಟ ಗೆದ್ದ ರೇ ಹ್ಯಾರನ್‌ನ ಹಳದಿ ಬಣ್ಣದ ಕಾರು ‘ವಾಸ್ಪ್’ ನಿಂತಿದೆ. ಆಗ ಎಲ್ಲ ಕಾರಿನಲ್ಲೂ ಹಿಂದೆ ಮುಂದೆ ನೋಡಿ ಹೇಳಲು ಮೆಕ್ಯಾನಿಕ್ ಒಬ್ಬ ಜತೆಗಿರುತ್ತಿದ್ದ. ಹ್ಯಾರನ್ ಅವನ ಬದಲು ಒಂದು ಕನ್ನಡಿ ಕೂರಿಸಿಕೊಂಡು ಒಬ್ಬನೇ ಓಡಿಸಿದ. ಸರಾಸರಿ ವೇಗ ಗಂಟೆಗೆ 74.6 ಮೈಲಿ.

“ದೊಡ್ಡ ಓವಲ್ ನೋಡಿದ್ದಾಯ್ತು, ಈಗ ಚಿಕ್ಕದು ನೋಡೋಣ ಬನ್ನಿ” ಎಂದು ಹುಡುಗ ಗುಟ್ಟು ಬಿಚ್ಚಿದ್ದು ಆಮೇಲೆ. ಅವನ ನೆರೆಮನೆಯ ಯಜಮಾನರು ಕಾರ್ಖಾನೆಯಿಂದ ನಿವೃತ್ತರು. ಮನೆಯಲ್ಲೇ ಸ್ಲಾಟ್ ಕಾರುಗಳ, ಅಂದರೆ ಸೀಳಿನಗುಂಟ ಓಡುವ ಆಟಿಕೆ ಕಾರುಗಳ, ಅಂಡಾಕಾರದ ಟ್ರ್ಯಾಕು ಕಟ್ಟುತ್ತಿದ್ದಾರೆ. ಅವರಿಗೆ ಹಲಗೆ ಬೇಕು, ಹುಡುಗನ ಬಳಿ ದೊಡ್ಡ ಕಾರಿದೆ. ಮರದ ಅಂಗಡಿಗೆ ಹೋದೆವು. ಇಲ್ಲೂ ಹಲಗೆ ಎಂಟಡಿಗೆ ನಾಲ್ಕಡಿಯೇ! ಸಮುದ್ರ ದಾಟಿದರೂ ಆ ಅಳತೆ ಬದಲಾಗಿಲ್ಲ. ಅರ್ಧ ಇಂಚಿನ ಎಂಡಿಎಫ್ ಹಲಗೆಗಳು ಡಿಕ್ಕಿಯಿಂದ ಒಳನುಗ್ಗಿ ಮುಂದಿನ ಸೀಟಿನವರೆಗೂ ಬಂದವು. ಉಳಿದ ಸಂದಿಯಲ್ಲಿ ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು ನಾನು.

ಇಲ್ಲಿನ ಮನೆಗಳ ಸೋಜಿಗವೆಂದರೆ ನೆಲಮಾಳಿಗೆ. ನಮ್ಮಲ್ಲಿ ಬೇಡದ ಸಾಮಾನಿಗೆಲ್ಲ ಅಟ್ಟವಾದರೆ ಇವರಿಗೆ ಪಾತಾಳ. ಮೆಟ್ಟಿಲಿಳಿದರೆ ಒಲೆಯಿಲ್ಲದೆ ಬೆಚ್ಚಗಿರುವ ಉದ್ದನೆಯ ಕೋಣೆ. ಗೋಡೆಯ ಕಪಾಟಿನ ತುಂಬ ಬೆರಳುದ್ದದ ಕಾರುಗಳು, ನಡುವೆ ಹಳೆಯ ಸ್ಕೇಲೆಕ್ಸ್‌ಟ್ರಿಕ್ ಪೆಟ್ಟಿಗೆ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬಾತ ಸ್ಪ್ರಿಂಗಿನಿಂದ ಓಡುವ ತಗಡಿನ ಕಾರು ಮಾಡಿ ಮಾರುತ್ತಿದ್ದ. ಆ ಕಾರಿಗೆ ವಿದ್ಯುತ್ ಮೋಟಾರು ಕೂರಿಸಿ, ಸೀಳುಳ್ಳ ರಸ್ತೆ ಮಾಡಿ, 1957ರಲ್ಲಿ ಹ್ಯಾರೊಗೇಟ್‌ನ ಆಟಿಕೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಲ್ಲಿ ತೋರಿಸಿದ. ಅರವತ್ತರ ದಶಕದಲ್ಲಿ ಅಮೆರಿಕವೆಲ್ಲ ಇದರ ಹುಚ್ಚು. ಕಾರಿನ ಮೂತಿಯ ಕೆಳಗೊಂದು ಪುಟ್ಟ ನಾಲಿಗೆ ಇರುತ್ತದೆ. ಅದು ಸೀಳಿನೊಳಗೆ ಇಳಿದು ದಾರಿ ತೋರಿಸುತ್ತದೆ. ಹೀಗಾಗಿ ಓಡಿಸುವವರಿಗೆ ಸ್ಟಿಯರಿಂಗ್ ಇಲ್ಲ. ಇರುವುದು ವೇಗ ಮಾತ್ರ.

ಯಜಮಾನರಿಗೆ ಇಂಡಿಯಾನಾಪೊಲಿಸನ್ನೇ ಇಳಿಸಿ ತರುವ ಆಸೆಯಿತ್ತು. ಕಾರು ಮೂವತ್ತೆರಡರಲ್ಲಿ ಒಂದು ಪಾಲು. ರಸ್ತೆಯನ್ನೂ ಅದೇ ಪಾಲಿಗೆ ಇಳಿಸಿದರೆ ಸುತ್ತು 412 ಅಡಿ. ಒಂದು ನೇರಕ್ಕೇ 103 ಅಡಿ ಬೇಕು. ಪಕ್ಕದ ಎರಡು ಮನೆಗಳ ನೆಲಮಾಳಿಗೆಗೂ ಗೋಡೆ ಒಡೆಯಬೇಕಾದೀತೆಂದು ನಗುತ್ತಾರೆ. ಕಡೆಗೆ ಹದಿನಾರು ಅಡಿ ಉದ್ದ, ಎಂಟಡಿ ಅಗಲದ ಮೇಜು. ಎರಡು ನೇರ, ಎರಡು ಅರ್ಧವೃತ್ತ, ನಾಲ್ಕು ಲೇನು. ಲೇನಿನಿಂದ ಲೇನಿಗೆ ನಾಲ್ಕು ಇಂಚು. ಮೊಳೆಗೆ ಪಟ್ಟಿ ಸಿಕ್ಕಿಸಿ ವೃತ್ತ ಎಳೆಯುತ್ತಾರೆ, ಗೆರೆಯ ಮೇಲೆ ಮರ ಕೊರೆಯುವ ರೂಟರ್ ಯಂತ್ರ ನಡೆಸುತ್ತಾರೆ. ಮೂರು ಮಿಲಿಮೀಟರ್ ಅಗಲದ ಸೀಳು ಸರಸರ ಬಿಚ್ಚಿಕೊಳ್ಳುತ್ತದೆ. ಬಾಯಿಗೆ ಮಾಸ್ಕ್ ಕಟ್ಟಿಕೊಂಡರೂ ಎಂಡಿಎಫ್‌ನ ಧೂಳು ಬಿಡದು. ನನ್ನ ಸೀನು ಕೇಳಿ ಮೇಲಿನಿಂದ ಅವರ ಹೆಂಡತಿ “ದೇವರು ಒಳ್ಳೇದು ಮಾಡಲಿ” ಎಂದು ಕೂಗುತ್ತಾರೆ, ಪ್ರತಿ ಸೀನಿಗೂ ಒಮ್ಮೆ!

ಇಲ್ಲಿ ಯಜಮಾನರು ಒಂದು ಒಗಟು ಹಾಕುತ್ತಾರೆ: ಹೊರ ಲೇನಿನ ಕಾರು ಪಕ್ಕದ ಲೇನಿಗಿಂತ ಎಷ್ಟು ಹೆಚ್ಚು ಓಡಬೇಕು? ಲೆಕ್ಕ ಹಾಕಿದರೆ 25 ಇಂಚು. ಎರಡು ಅರ್ಧವೃತ್ತ ಸೇರಿ ಒಂದು ಪೂರ್ತಿ ವೃತ್ತ. ನಾಲ್ಕು ಇಂಚಿಗೆ ಎರಡು ಪೈ ಗುಣಿಸಿದರಾಯಿತು. ಸರಿ, ಮೇಜು ಇದರ ಹತ್ತರಷ್ಟು ದೊಡ್ಡದಾಗಿದ್ದರೆ? ಆಗಲೂ 25 ಇಂಚೇ! ಲೇನಿನ ಅಂತರ ನಾಲ್ಕು ಇಂಚಿದ್ದರೆ ಆ ದೊಡ್ಡ ಬಯಲಿನ ಸುತ್ತ ಓಡಿದರೂ ಅಷ್ಟೇ. ಶಾಲೆಯಲ್ಲಿ ಪೈ ಕಲಿತು ಇಷ್ಟು ವರ್ಷವಾದರೂ ಅದು ಹೀಗೆ ಬೆರಗುಗೊಳಿಸಿದ್ದು ಇದೇ ಮೊದಲು. ಈ ಮೇಜಿನ ಮೇಲೆ ಒಳ ಲೇನು ಸುಮಾರು 32 ಅಡಿ, ಹೊರ ಲೇನು 38. ಅನ್ಯಾಯವಲ್ಲವೇ ಎಂದರೆ, ಹೊರಗಿನವನಿಗೆ ತಿರುವು ಅಗಲ, ವೇಗ ಇಳಿಸಬೇಕಾದ್ದು ಕಡಿಮೆ ಎನ್ನುತ್ತಾರೆ. ಆದರೂ ಸಮಾಧಾನಕ್ಕೆ, ಓಟದ ದಿನ ಎಲ್ಲರೂ ಎಲ್ಲ ಲೇನಿನಲ್ಲೂ ಒಂದೊಂದು ಸಲ ಓಡಿಸುವ ಪದ್ಧತಿ.

ನಿಜವಾದ ಪಾಡು ತಿರುವನ್ನು ವಾಲಿಸುವುದರಲ್ಲಿ. ಚಪ್ಪಟೆ ಹಲಗೆಯ ಹೊರ ಅಂಚನ್ನು ಮೇಲೆತ್ತಿದರೆ ಅದು ಆಲಿಕೆಯ ಬಾಯಿಯಂತೆ ಬಾಗುತ್ತದೆ. ಬಾಗುತ್ತಲೇ ತಿರುವು ತಾನಾಗಿ ಇನ್ನಷ್ಟು ಸುತ್ತಿಕೊಳ್ಳುತ್ತದೆ. ಅರ್ಧವೃತ್ತ ಬೇಕೆಂದು 180 ಡಿಗ್ರಿಯನ್ನೇ ಕತ್ತರಿಸಿದರೆ ಎರಡು ತುದಿಗಳೂ ನೇರಕ್ಕೆ ಕೂಡುವುದಿಲ್ಲ. 30 ಡಿಗ್ರಿ ವಾಲಿಗೆ ಕತ್ತರಿಸಬೇಕಾದ್ದು 156 ಡಿಗ್ರಿ ಮಾತ್ರ. ಇವರ 20 ಡಿಗ್ರಿ ವಾಲಿಗೆ 169. ಹೊರ ಅಂಚು ಆರು ಇಂಚು ಏಳುತ್ತದೆ. ಅಷ್ಟಾದರೂ ಮುಗಿಯದು. ಸಮತಟ್ಟಾದ ನೇರದಿಂದ ವಾಲಿದ ತಿರುವಿಗೆ ಹೋಗುವ ಜಾಗವಿದೆಯಲ್ಲ, ಅಲ್ಲಿ ಹಲಗೆ ಮೆಲ್ಲಗೆ ತಿರುಚಿಕೊಳ್ಳಬೇಕು. ತಟ್ಟನೆ ಎದ್ದರೆ ಕಾರಿನ ನಾಲಿಗೆ ಸೀಳಿನಿಂದ ಹಾರಿಬರುತ್ತದೆ. ನಮ್ಮೂರ ತೇರೂ ಹೀಗೇ: ನೇರ ಬೀದಿಯಲ್ಲಿ ಮಕ್ಕಳೂ ಹಗ್ಗಕ್ಕೆ ಕೈ ಹಚ್ಚುತ್ತಾರೆ, ಮೂಲೆ ಬಂದಾಗ ಗಾಲಿಗೆ ಮರದ ತುಂಡು ಕೊಡುವ ನಾಲ್ಕು ಜನರ ಕೈಚಳಕವೇ ಜಾತ್ರೆಯ ಮಾನ ಕಾಯಬೇಕು. ಯಜಮಾನರು ಅಡಿಯಲ್ಲಿ ಮರದ ಬೆಣೆಗಳನ್ನು ಒಂದೊಂದೇ ಎಚ್ಚರದಿಂದ ಸರಿಸುತ್ತಾರೆ, ಸೀಳಿನ ಮೇಲೆ ಬೆರಳೆಳೆದು ನೋಡುತ್ತಾರೆ, ಮತ್ತೆ ಸರಿಸುತ್ತಾರೆ. ಮಧ್ಯಾಹ್ನದ ಊಟಕ್ಕೆ ಕರೆದರೂ ಕೇಳಿಸಲಿಲ್ಲ.

ಬಣ್ಣ ಒಣಗಿದ ಮೇಲೆ ಸೀಳಿನ ಎರಡೂ ಬದಿಗೆ ತಾಮ್ರದ ಪಟ್ಟಿ ಅಂಟಿಸುತ್ತಾರೆ. ಕಾರು ಅದರಿಂದಲೇ ವಿದ್ಯುತ್ತು ಪಡೆಯುತ್ತದೆ. ಅಂಗಡಿಯ ಪ್ಲಾಸ್ಟಿಕ್ ಟ್ರ್ಯಾಕಿನಲ್ಲಿ ಉಕ್ಕಿನ ಹಳಿ ಇರುವುದರಿಂದ ಕಾರಿನ ಹೊಟ್ಟೆಯಲ್ಲಿರುವ ಅಯಸ್ಕಾಂತ ಅದನ್ನು ನೆಲಕ್ಕೆ ಹಿಡಿದಿಡುತ್ತದೆ. ತಾಮ್ರಕ್ಕೆ ಅಯಸ್ಕಾಂತದ ಹಂಗಿಲ್ಲ. ಇಲ್ಲಿ ಟೈರು ಮತ್ತು ಕೈಯ ಹದವೇ ಗತಿ. ದೂರ ಹೋದಷ್ಟೂ ವಿದ್ಯುತ್ತು ಸೊರಗದಿರಲೆಂದು ಮೇಜಿನಡಿ ಅಲ್ಲಲ್ಲಿ ತಂತಿ ಎಳೆದು ಮರುಪೂರಣ. ಕೈಯಲ್ಲಿ ಹಿಡಿಯುವ ಕಂಟ್ರೋಲರಿಗೆ ಮೂರು ತಂತಿ: ಬಿಳಿಯದು ವಿದ್ಯುತ್ತಿಗೆ, ಕಪ್ಪು ಟ್ರ್ಯಾಕಿಗೆ, ಕೆಂಪು ಬ್ರೇಕಿಗೆ. ಬೆರಳು ಬಿಟ್ಟರೆ ಮೋಟಾರಿನ ಎರಡು ತುದಿಗಳೂ ಕೂಡಿಕೊಂಡು, ತಿರುಗುತ್ತಿರುವ ಮೋಟಾರೇ ತನ್ನನ್ನು ತಾನು ತಡೆಯುತ್ತದೆ.

ಶನಿವಾರ ಸಂಜೆ ಗೆಳೆಯರ ದಂಡು ಬಂದಿದೆ. ಓಡಿಸದವರು ತಿರುವುಗಳಲ್ಲಿ ಮಾರ್ಷಲ್ ಆಗಿ ನಿಲ್ಲಬೇಕು. ಸೀಳು ತಪ್ಪಿದ ಕಾರನ್ನು ಎತ್ತಿ ಅದರ ಲೇನಿಗೇ ಇಡುವ ಕೆಲಸ. ಎರಡನೇ ತಿರುವು ನನ್ನ ಪಾಲಿಗೆ. ಯಾರಿಗೂ ಉಸಿರಾಡಲು ಬಿಡುವಿಲ್ಲ, ನನಗಂತೂ ಒಂದು ಕಣ್ಣಿಗೆ ನಾಲ್ಕು ಲೇನು. ಕೆಂಪು ಕಾರೊಂದು ವಾಲನ್ನು ಲೆಕ್ಕಿಸದೆ ಹಾರಿ ನೇರ ನನ್ನ ಸೆರಗಿಗೆ ಸಿಕ್ಕಿಬಿತ್ತು. ಬಿಡಿಸುವಷ್ಟರಲ್ಲಿ ಪಾಪ, ಅದನ್ನು ಓಡಿಸುತ್ತಿದ್ದಾತ ಎರಡು ಸುತ್ತು ಹಿಂದೆ. ಸೀರೆಗೆ ದಂಡ ಹಾಕುವ ನಿಯಮ ಅವರ ಪುಸ್ತಕದಲ್ಲಿರಲಿಲ್ಲ.

ಚಹಾದ ಹೊತ್ತಿಗೆ ಯಜಮಾನರು ಮೇಜಿನಡಿಯ ಪೆಟ್ಟಿಗೆ ತೋರಿಸುತ್ತಾರೆ: 12 ವೋಲ್ಟ್ ಡಿಸಿ. ಹಿಂದೆ ದೊಡ್ಡ ಟ್ರ್ಯಾಕುಗಳಿಗೆ ಕಾರಿನ ಬ್ಯಾಟರಿಯನ್ನೇ ಜೋಡಿಸುತ್ತಿದ್ದರಂತೆ. ನಾನು ತಡೆಯಲಾರದೆ ನಕ್ಕೆ. ಅದೇ 12 ವೋಲ್ಟಿನ ಬ್ಯಾಟರಿ ನಮ್ಮಲ್ಲಿ ಮನೆಮನೆಯ ಮೂಲೆಯಲ್ಲಿ ಇನ್ವರ್ಟರಿನ ಜತೆ ಕರೆಂಟು ಹೋಗುವುದನ್ನೇ ಕಾಯುತ್ತ ಕೂತಿರುತ್ತದೆ. ಎಂಟಡಿಗೆ ನಾಲ್ಕಡಿ ಹಲಗೆಗೂ ಕೊರತೆಯಿಲ್ಲ. ಒಂದೇ ಹಲಗೆಯಲ್ಲಿ ಎರಡು ಲೇನಿನ ಓವಲ್ ಹಿಡಿಯುತ್ತದೆಂದು ಹುಡುಗ ಆಗಲೇ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದಾನೆ. ನಮ್ಮ ಮೈಸೂರಿನಲ್ಲಿ ರೂಟರ್ ಹಿಡಿಯುವ ಆಚಾರಿಯನ್ನು ಹುಡುಕುವ ಹೊಣೆ ನನ್ನದು, 20 ಡಿಗ್ರಿ ವಾಲಿಗೆ 169 ಡಿಗ್ರಿ ಏಕೆಂದು ಅವರಿಗೆ ತಿಳಿಸಿ ಹೇಳುವುದು ಅವನದು.